ಪಾಯಾ ಊರಿನ ಬಸ್ಸು ಮತ್ತು ಕೊನೆಗೆ ಹತ್ತುವ ಹೆಂಗಸು

2011ರಲ್ಲಿ ನಾನು ಸಿಂಗಪುರದ ಕಾಕಿ ಬುಕಿತ್‌ನ ಒಂದು ಸೆಂಟ್ರಲ್ ಕಿಚನ್ನಿನಲ್ಲಿ ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಆದೆ. ಸೆಂಟ್ರಲ್ ಕಿಚನ್ ಎಂದರೆ ಅಡುಗೆಯ ಕಾರ್ಖಾನೆ. ಶಾಲೆ, ಆಫೀಸುಗಳಿಗೆ ಬೇಕಾದ ಊಟವೆಲ್ಲ ಅಲ್ಲೇ ಬೆಂದು, ವ್ಯಾನುಗಳಲ್ಲಿ ಹೋಗುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಡ್ಯದಲ್ಲಿ ಕಬ್ಬಿನ ಲಾರಿಗೆ ಕ್ಲೀನರ್ ಆಗಿ ಸೇರಿದವನು ನಾನು. ಇಲ್ಲಿಗೆ ಬಂದು ಕಟ್ಟಡದ ಕೆಲಸ ಮಾಡಿ, ಲಾರಿ ಓಡಿಸಿ, ಹದಿನಾಲ್ಕು ವರ್ಷದ ಮೇಲೆ ಆ ಕುರ್ಚಿ ಹಿಡಿದೆ. ಯಾರ ಶಿಫಾರಸೂ ಇರಲಿಲ್ಲ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ನನ್ನ ಕೈಕೆಳಗೆ ಆರು ವ್ಯಾನು, ಒಂದು ಬಸ್ಸು. ತಲೆ ತಿಂದದ್ದು ಬಸ್ಸು. ಅದು ದಿನಾ ಗಡಿ ದಾಟಿ ಬರುತ್ತಿತ್ತು. ಸಿಂಗಪುರದ ಉತ್ತರಕ್ಕೆ, ಸಮುದ್ರದ ಮೇಲಿನ ರಸ್ತೆ ದಾಟಿದರೆ ಮಲೇಷ್ಯಾದ ಜೊಹೊರ್. ಅಲ್ಲಿ ಮಲಗಿ ಇಲ್ಲಿ ದುಡಿಯುವವರು ಲೆಕ್ಕವಿಲ್ಲದಷ್ಟು. ಆ ಕಡೆಯ ಚೆಕ್‌ಪಾಯಿಂಟಿನಲ್ಲಿ ಬಸ್ಸಿನಿಂದ ಇಳಿದು ಪಾಸ್‌ಪೋರ್ಟ್ ತೋರಿಸಬೇಕು, ಹತ್ತಬೇಕು; ಈ ಕಡೆಯದರಲ್ಲಿ ಮತ್ತೆ ಇಳಿಯಬೇಕು, ಹತ್ತಬೇಕು. ಊರಿನಲ್ಲಿ ಹತ್ತು ನಿಮಿಷ ತಡವಾದರೆ ಗಡಿಯಲ್ಲಿ ಅದು ಒಂದು ಗಂಟೆಯಾಗುತ್ತದೆ. ಅಷ್ಟರಲ್ಲಿ ಸಾವಿರ ಮೋಟರ್‌ಸೈಕಲ್ಲು ಮುಂದೆ ನಿಂತಿರುತ್ತವೆ.

ಬಸ್ಸು ಹೊರಡುತ್ತಿದ್ದ ಊರನ್ನು ನಾವು ಪಾಯಾ ಎನ್ನುತ್ತಿದ್ದೆವು. ಮಲಯ ಭಾಷೆಯಲ್ಲಿ ಜೌಗು ನೆಲ ಎಂದು ಅರ್ಥ. ನಾನು ಮೊದಲ ಸಲ ಹೋದಾಗ ಅದು ತರಕಾರಿಯ ಊರು. ಬೆಂಡೆ, ಸೌತೆ, ಅಲಸಂದೆ, ನೀರಿನ ಏರಿಯ ಪಕ್ಕ ಸೊಪ್ಪು. ಬಸ್ಸಿಗೆ ಬರುತ್ತಿದ್ದವರು ಹನ್ನೊಂದು ಹೆಂಗಸರು, ಎಲ್ಲರೂ ಹೊಲದಲ್ಲಿ ದುಡಿದವರು. ಎರಡೇ ವರ್ಷದಲ್ಲಿ ಹೆದ್ದಾರಿ ಬದಿಯ ಹೊಲಗಳಿಗೆ ಮಣ್ಣು ಬಿತ್ತು. ಸಾಲುಮನೆಗಳ ಲೇಔಟ್ ಎದ್ದಿತು. ಮಲೇಷ್ಯಾದ ಉತ್ತರದ ಊರುಗಳಿಂದ ಹುಡುಗಿಯರು, ಸಣ್ಣ ಸಂಸಾರಗಳು ಬಂದು ಬಾಡಿಗೆಗೆ ಸೇರಿದರು. ಎಲ್ಲರಿಗೂ ಸಿಂಗಪುರದಲ್ಲೇ ಕೆಲಸ. ಹಗಲು ಹೊತ್ತು ಆ ಲೇಔಟಿನಲ್ಲಿ ನಾಯಿಯೂ ಕಾಣುತ್ತಿರಲಿಲ್ಲ. 2015ರ ಹೊತ್ತಿಗೆ ನಮ್ಮ ನಲವತ್ತು ಸೀಟಿನ ಬಸ್ಸು ತುಂಬಿತು. ಮೊದಲ ಸ್ಟಾಪು ಹಳೇ ಊರು, ಎರಡನೆಯದು ಲೇಔಟ್. ಸೊಪ್ಪು ಬೆಳೆಯುತ್ತಿದ್ದ ಹೆಂಗಸರೇ ಈಗ ಬೆಟ್ಟದ ಸೀಮೆಯಿಂದ ಲಾರಿಯಲ್ಲಿ ಬಂದ ಸೊಪ್ಪನ್ನು ನಮ್ಮ ಕಟಿಂಗ್ ಸೆಕ್ಷನ್ನಿನಲ್ಲಿ ಹೆಚ್ಚುತ್ತಿದ್ದರು.

ತೊಂದರೆ ಶುರುವಾದದ್ದು ಕಾಯುವುದರಿಂದ. ತರಕಾರಿಯ ಕಾಲದಲ್ಲಿ ಮಾರ್ಕೆಟ್ಟಿನ ಲಾರಿ ಹೊಲದಿಂದ ಹೊಲಕ್ಕೆ ಹೋಗುತ್ತಿತ್ತಂತೆ. ಯಾರ ಬುಟ್ಟಿ ಕಟ್ಟಿ ಮುಗಿದಿಲ್ಲವೋ ಅವರ ಹೊಲದ ಮುಂದೆ ಲಾರಿ ನಿಲ್ಲುವುದು, ಮಿಕ್ಕವರು ಇಳಿದು ಹೋಗಿ ಕಟ್ಟಿಸುವುದು. ಎಲ್ಲರ ಬುಟ್ಟಿ ಏರಿದ ಮೇಲೇ ಲಾರಿ ಹೊರಡುವುದು. ಹೊಲ ಹೋಯಿತು, ಲಾರಿ ಹೋಯಿತು, ಆ ಪದ್ಧತಿ ಮಾತ್ರ ನೇರವಾಗಿ ನನ್ನ ಬಸ್ಸು ಹತ್ತಿತು. ಕೊನೆಗೆ ಹತ್ತುವವಳು ಯಾವಾಗಲೂ ರೊಹಾನಿ. ವಯಸ್ಸು ಐವತ್ತೈದರ ಸುಮಾರು. ಎಲ್ಲರೂ ಅವಳನ್ನು ಮಕ್‌ಚಿಕ್ ಎನ್ನುತ್ತಿದ್ದರು, ನಾವು ಚಿಕ್ಕಮ್ಮ ಎಂದ ಹಾಗೆ. ಅವಳು ಸಾಗುವಳಿ ಮಾಡುತ್ತಿದ್ದ ನೆಲ ಗೇಣಿಯದು. ಮಾಲೀಕ ಅದನ್ನು ಲೇಔಟಿನವರಿಗೆ ಮಾರಿದ್ದ. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ವರ್ಷ ವರ್ಷಕ್ಕೆ ಅವಳ ತಡ ಹೆಚ್ಚುತ್ತಲೇ ಹೋಯಿತು.

ಲೇಔಟಿನವರ ಸಿಟ್ಟಿಗೆ ಕಾರಣವಿತ್ತು. ಪ್ಯಾಕಿಂಗ್ ಸೆಕ್ಷನ್ನಿನ ಮೇ ಲಿಂಗ್ ಒಂದು ದಿನ ಕ್ಯಾಂಟೀನಿನಲ್ಲಿ ನನ್ನ ಎದುರಿಗೇ ಬಂದು ಕೂತಳು.

"ಅಂಕಲ್, ನಾನು ಬಸ್ ಬರೋಕೆ ಮುಂಚೆನೇ ರೋಡಲ್ಲಿ ನಿಂತಿರ್ತೀನಿ. ನಿದ್ದೆ ಮಾಡೋರು ಊರಲ್ಲಿ, ಲೇಟ್ ಮಾರ್ಕ್ ನನಗೆ. ಅವರಿಗೋಸ್ಕರ ಸೊಳ್ಳೆ ಕೈಲಿ ಕಚ್ಚಿಸ್ಕೊಳ್ಳೋಕೂ ನಾನೇ ಬೇಕಾ?"



ಆಪರೇಷನ್ಸ್ ಮ್ಯಾನೇಜರ್ ಪ್ರಸನ್ನ ಮೈಸೂರಿನವರು, ಸೆಂಗ್‌ಕಾಂಗ್‌ನಲ್ಲಿ ಮನೆ. ಒಳ್ಳೆಯ ಮನುಷ್ಯ, ಕನ್ನಡದಲ್ಲಿ ಬೈದರೂ ಬೈಗುಳ ಅನ್ನಿಸದು.

"ಶಿವಲಿಂಗು ಅವ್ರೇ, ಫಸ್ಟ್ ಡಿಸ್ಪ್ಯಾಚ್ ಲೇಟ್ ಆದ್ರೆ ಸ್ಕೂಲ್‌ನವರು ಫೋನ್ ಮಾಡೋದು ನನಗೆ. ಆ ಸ್ಕೂಲ್ ಮೇಡಂ ಹತ್ರ ನಾನು ಏನಂತ ಹೇಳ್ಲಿ? ನಮ್ಮ ಬಸ್ಸಿನೋರು ಬಹಳ ಒಗ್ಗಟ್ಟಾಗಿದಾರೆ ಅಂತ ಹೇಳ್ಲಾ?"

"ಟೈಮ್ ಹೇಳಿ ಸಾರ್. ನಾನು ಬಿಡಿಸ್ತೀನಿ."

ಡ್ರೈವರ್ ಮುರುಗೇಶನಿಗೆ ಆರ್ಡರ್ ಕೊಟ್ಟೆ: ಸೋಮವಾರದಿಂದ ಬೆಳಗಿನ ಜಾವ ನಾಲ್ಕೂವರೆಗೆ ಬಸ್ಸು ಊರಿನಿಂದ ಹೊರಡಬೇಕು, ಯಾರಿಗೂ ಕಾಯಬಾರದು. ಊರಿನ ಹೆಂಗಸರಿಗೂ ಎದುರಿಗೇ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆ ಆರ್ಡರ್ ತಪ್ಪು ಎಂದು ಇವತ್ತಿಗೂ ನಾನು ಒಪ್ಪಲಾರೆ. ನಲವತ್ತು ಜನರ ಬಸ್ಸನ್ನು ಒಬ್ಬರಿಗಾಗಿ ನಿಲ್ಲಿಸಿಕೊಂಡು ಯಾರೂ ಕಂಪನಿ ನಡೆಸಲಾರರು.

ಸೋಮವಾರ ಬೆಳಗ್ಗೆ ನಾನು ಕಾಕಿ ಬುಕಿತ್‌ನ ಲೋಡಿಂಗ್ ಕಟ್ಟೆಯ ಮೇಲಿದ್ದೆ. ಮುರುಗೇಶನ ಫೋನ್ ಬಂತು.

"ಅಣ್ಣ, ಬಿಟ್ಟೆ. ಅವಳೊಬ್ಬಳು ಬಂದಿಲ್ಲ. ಗೇರ್ ಹಾಕ್ತಿದ್ದ ಹಾಗೇ ಹತ್ತೂ ಜನ ಎದ್ದು ನಿಂತ್ರು. ಬಾಗಿಲು ತೆಗಿ ಅಂತಿದಾರೆ."

"ತೆಗೀಬೇಡ."

"ಬೆಲ್ ಒತ್ತೋದು ನಿಲ್ಲಿಸ್ತಾ ಇಲ್ಲ ಅಣ್ಣ. ಕೇಳಿಸ್ತಿದೆಯಾ? ನನ್ನ ಕಿವಿ ಹೋಯ್ತು."

"ಫೋನ್ ಯಾರಿಗಾದ್ರೂ ಕೊಡು."

ಷರೀಫಾ ಎಂಬಾಕೆ ಫೋನ್ ತೆಗೆದುಕೊಂಡಳು. ಹತ್ತು ಜನರಲ್ಲಿ ಬಾಯಿ ಇದ್ದವಳು ಅವಳೇ.

"ಶಿವ, ಮಕ್‌ಚಿಕ್ ಬಂದಿಲ್ಲ."

"ಗೊತ್ತು. ನಾಳೆ ಬರ್ತಾಳೆ ಬಿಡು."

"ಹಾಗಾದ್ರೆ ನಾವೂ ನಾಳೆ ಬರ್ತೀವಿ," ಎಂದು ಫೋನನ್ನು ಮುರುಗೇಶನ ಕೈಗೆ ವಾಪಸ್ಸು ಕೊಟ್ಟಳು. ಬಾಗಿಲು ತೆರೆದ ಸದ್ದು ನನಗೇ ಕೇಳಿಸಿತು.

ಅವತ್ತು ಕಟಿಂಗ್ ಸೆಕ್ಷನ್ನಿನಲ್ಲಿ ಎಲೆಕೋಸು ರಾಶಿ ಬಿದ್ದಿತ್ತು, ಹೆಚ್ಚುವವರಿಲ್ಲ. ಪ್ರಸನ್ನ ತಲೆಗೆ ಟೋಪಿ ಹಾಕಿಕೊಂಡು ಒಂದು ಹಲಗೆ ಹಿಡಿದರು, ನಾನೊಂದು ಹಿಡಿದೆ. ಸಾಲದ್ದಕ್ಕೆ ಇಬ್ಬರು ವ್ಯಾನ್ ಡ್ರೈವರ್‌ಗಳನ್ನೂ ಕೂರಿಸಿದೆವು. ಎರಡು ಶಾಲೆಗೆ ಊಟ ತಡವಾಗಿ ಹೋಯಿತು. ಪ್ರಸನ್ನ ಹೆಬ್ಬೆರಳು ಕೊಯ್ದುಕೊಂಡರು. ಆದರೂ ನನ್ನ ಮೇಲೆ ರೇಗಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಮರುದಿನದಿಂದ ಬಸ್ಸು ಮತ್ತೆ ಕಾಯತೊಡಗಿತು. ಆ ಭಾನುವಾರ ನಾನೇ ಪಾಯಾಗೆ ಹೋದೆ. ಬೈದು ಬರಬೇಕು ಎಂದೇ ಹೋದದ್ದು. ರೊಹಾನಿಯ ಮನೆಯ ಜಗಲಿಯ ಮೇಲೆ ಷರೀಫಾ ಕೂಡ ಇದ್ದಳು. ಟೀ ಬಂತು. ನಾನು ನೇರವಾಗಿಯೇ ಕೇಳಿದೆ:

"ಮಕ್‌ಚಿಕ್, ಎಲ್ಲರೂ ಎದ್ದು ಬರ್ತಾರೆ. ನಿನಗೊಬ್ಬಳಿಗೆ ಎಚ್ಚರ ಆಗಲ್ವಾ?"

ಷರೀಫಾ ನಕ್ಕಳು. "ಎಲ್ಲರೂ ಎದ್ದು ಬರ್ತಾರಾ? ಎಬ್ಬಿಸೋದು ಯಾರು ಅಂದ್ಕೊಂಡಿದೀಯಾ?"

ಆಮೇಲೆ ತಿಳಿಯಿತು. ಲಾರಿಯ ಕಾಲದಿಂದಲೂ ಊರನ್ನು ಎಬ್ಬಿಸುವವಳು ರೊಹಾನಿ. ಬ್ಯಾಟರಿ ಹಿಡಿದು ಮನೆಯಿಂದ ಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದಳು. ಒಳಗಿನಿಂದ ಹೂಂ ಅಂದರೆ ಸಾಲದು. ದೀಪ ಹತ್ತಿ, ಬಾಗಿಲಲ್ಲಿ ಮುಖ ಕಂಡ ಮೇಲೇ ಮುಂದಿನ ಮನೆ. ಹತ್ತು ಮನೆ ಮುಗಿಸಿ ಬಂದು ತನ್ನ ಸ್ನಾನ. ಮೊದಲು ಹೊಲದ ಬದುವಿನ ಮೇಲೆ ಅಡ್ಡ ಹಾಯ್ದರೆ ಎಲ್ಲ ಮನೆಗಳೂ ಹತ್ತಿರವೇ. ಈಗ ಬದು ಇದ್ದ ಕಡೆ ಲೇಔಟಿನ ಗೋಡೆ. ಒಂದೊಂದು ಗೋಡೆ ಎದ್ದಾಗಲೂ ಅವಳ ಸುತ್ತು ದೊಡ್ಡದಾಗುತ್ತಾ ಹೋಗಿತ್ತು.

"ಎಲ್ಲರ ಹತ್ರ ಫೋನಿದೆ. ಅದರಲ್ಲಿ ಅಲಾರಂ ಇಲ್ವಾ?"

"ಅಲಾರಂ ಆಫ್ ಮಾಡಬಹುದು," ಎಂದಳು ಷರೀಫಾ. "ಇವಳನ್ನ ಆಫ್ ಮಾಡೋಕಾಗುತ್ತಾ?"

ರೊಹಾನಿ ಆಗ ಮಾತಾಡಿದಳು. "ನನ್ನ ಕೆಲಸ ಹೋಗುತ್ತಾ ಶಿವ?"

"ನೋಡ್ತೀನಿ," ಎಂದೆ. ಬೈಯಲು ಹೋದವನು ಸೌತೆಕಾಯಿ ಕಟ್ಟಿಸಿಕೊಂಡು ಬಂದೆ.

ಸೋಮವಾರ ಪ್ರಸನ್ನರಿಗೆ ಎಲ್ಲ ಹೇಳಿದೆ. ಊರಿನವರಿಗೆ ಒಂದು ವ್ಯಾನು ಬೇರೆ ಕೊಡಿ. ಇಲ್ಲವೇ ಅವಳೊಬ್ಬಳ ಶಿಫ್ಟು ತಡವಾಗಿ ಶುರುಮಾಡಿ, ಬೇರೆ ಬಸ್ಸಿನಲ್ಲಿ ಬರಲಿ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಲ್ಲ, ಎಬ್ಬಿಸೋ ಕೆಲಸಕ್ಕೆ ನಾನು ಯಾವ ಪೋಸ್ಟ್ ಕ್ರಿಯೇಟ್ ಮಾಡ್ಲಿ? ಎಚ್‌ಆರ್‌ನವರು ನಗ್ತಾರೆ. ಬೇರೆಯವರು ಯಾರಾದ್ರೂ ಎಬ್ಬಿಸ್ಲಿ, ಈಕೆ ಟೈಮಿಗೆ ಬರ್ಲಿ. ಒಂದು ವಾರ ಟ್ರೈ ಮಾಡಿ ನೋಡಿ."

ಷರೀಫಾ ಎಬ್ಬಿಸಲು ಒಪ್ಪಿದಳು. ರೊಹಾನಿ ಈಗ ಮೊದಲಿಗಳಾಗಿ ಬಂದು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ಊರಿನ ಕಡೆಗೇ ನೋಡುತ್ತಿದ್ದಳಂತೆ. ಆದರೆ ಷರೀಫಾಗೆ ತಾಳ್ಮೆ ಕಡಿಮೆ. ತಟ್ಟುತ್ತಿದ್ದಳು, ಒಳಗಿಂದ ಹೂಂ ಅಂದರೆ ಮುಂದಕ್ಕೆ ಹೋಗುತ್ತಿದ್ದಳು. ಹೂಂ ಅಂದವರು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಎರಡನೇ ದಿನ ಮೂವರು ಬರಲಿಲ್ಲ; ಅವರಿಗಾಗಿ ಮಿಕ್ಕವರು ಮತ್ತೆ ಇಳಿದರು. ಇಳಿದವರಲ್ಲಿ ರೊಹಾನಿಯೇ ಮುಂದೆ.

ಅಲ್ಲಿಗೆ ಮುಗಿಯಿತು. ಹಳೇ ಊರಿನ ಸ್ಟಾಪು ತೆಗೆದರು. ಬಸ್ಸು ಲೇಔಟಿನಿಂದಲೇ ಹೊರಡುವುದು. ಊರಿನವರು ಮೋಟರ್‌ಸೈಕಲ್ಲಿನಲ್ಲೋ ನಡೆದೋ ಅಲ್ಲಿಗೆ ಬರಬೇಕು. ರೊಹಾನಿಯ ಕೆಲಸದ ಪರ್ಮಿಟ್ಟಿನ ಅವಧಿ ಮುಂದಿನ ತಿಂಗಳು ಮುಗಿಯುತ್ತಿತ್ತು. ಬಸ್ಸು ತಡವಾದದ್ದನ್ನೆಲ್ಲ ಅವಳ ಹೆಸರಿಗೇ ಬರೆದು ಕಂಪನಿ ಅದನ್ನು ಮುಂದುವರಿಸಲಿಲ್ಲ. ನಾನು ಪ್ರಸನ್ನರ ಬಳಿ ಎರಡು ಸಲ, ಅವರ ಮೇಲಿನವರ ಬಳಿ ಒಂದು ಸಲ ಹೋದೆ. ರೂಲ್ಸ್ ಎಲ್ಲರಿಗೂ ಒಂದೇ ಎಂದರು. ಅದೂ ನಿಜವೇ. ನಿಜವಾದ ಮಾತಿಗೆ ತಲೆ ಚಚ್ಚಿಕೊಂಡಷ್ಟು ನಾನು ಸುಳ್ಳಿಗೆ ಚಚ್ಚಿಕೊಂಡಿಲ್ಲ.

ಸುದ್ದಿ ಹೇಳಲು ನಾನೇ ಹೋದೆ. ಅವಳು ಕೇಳಿದ್ದು ಒಂದೇ. "ಮಿಕ್ಕವರದ್ದು?"

"ಮಿಕ್ಕವರದ್ದೆಲ್ಲ ಮುಂದುವರಿದಿದೆ."

"ಸರಿ. ಈಗ ಅವರು ಲೇಔಟ್‌ತನಕ ಹೋಗ್ಬೇಕಲ್ಲ, ಇನ್ನೂ ಬೇಗ ಎಬ್ಬಿಸ್ಬೇಕು," ಎಂದಳು.

ಎಬ್ಬಿಸಿದಳು ಕೂಡ. ಹತ್ತೂ ಜನ ದಿನಾ ಟೈಮಿಗೆ ಸರಿಯಾಗಿ ಬಂದರು. ಅವಳಿಗೆ ಬಸ್ಸು ಹಿಡಿಯುವ ಗಡಿಬಿಡಿಯೇ ಇರಲಿಲ್ಲವಲ್ಲ. ಸಂಸಾರ ಹೇಗೆ ತೂಗಿಸಿದಳೋ. ಲೇಔಟಿನ ಕೆಲವು ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ ಎಂದು ಷರೀಫಾ ಹೇಳಿದ್ದಳು.

ಆ ವರ್ಷದ ಕೊನೆಯ ಮೀಟಿಂಗಿನಲ್ಲಿ ಪ್ರಸನ್ನ ಗೋಡೆಯ ಮೇಲೆ ಒಂದು ಚಾರ್ಟ್ ತೋರಿಸಿದರು. ಊರಿನ ಸ್ಟಾಪು ತೆಗೆದ ಮೇಲೆ ನಮ್ಮ ಬಸ್ಸಿನ ಲೇಟ್ ಗೆರೆ ಇಳಿದು ನೆಲಕ್ಕೆ ಹತ್ತಿತ್ತು. ರೂಟ್ ಬದಲಾವಣೆ ಸಕ್ಸಸ್ ಎಂದು ಚಪ್ಪಾಳೆ ಬಿತ್ತು. ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನ ಪರವಾಗಿ ನನ್ನನ್ನೂ ಎಬ್ಬಿಸಿ ನಿಲ್ಲಿಸಿದರು. ನಾನು ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ: ಈ ಗೆರೆ ಇಳಿಸಿದ್ದು ರೂಟಲ್ಲ, ನೀವು ಮನೆಗೆ ಕಳಿಸಿದ ಹೆಂಗಸು. ಅವಳು ಇವತ್ತಿಗೂ ಸಂಬಳವಿಲ್ಲದೆ ನಿಮ್ಮ ಕೆಲಸದವರನ್ನು ಎಬ್ಬಿಸುತ್ತಿದ್ದಾಳೆ. "ಗುಡ್ ಪಾಯಿಂಟ್," ಎಂದರು ದೊಡ್ಡ ಸಾಹೇಬರು. ಮುಂದಿನ ಚಾರ್ಟ್ ಬಂತು.

2019ರಲ್ಲಿ ನಾನು ರಿಟೈರ್ ಆದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕೊನೆಗೆ ಬಂದವರನ್ನು ತೆಗೆಯುವ ಮೊದಲು, ಅವರು ಬರುವುದಕ್ಕೆ ಮುಂಚೆ ಏನು ಮಾಡಿ ಬಂದರು ಎಂದು ಹೋಗಿ ನೋಡಬೇಕು. ನನ್ನ ಜಾಗಕ್ಕೆ ಬಂದ ಹುಡುಗನಿಗೂ ಇದನ್ನೇ ಹೇಳಿದೆ. "ಅಂಕಲ್, ಈಗ ಎಲ್ಲಾ ಆ್ಯಪಲ್ಲೇ ಬರುತ್ತೆ," ಎಂದು ಫೋನ್ ತೋರಿಸಿದ. ನೋಡಿದೆ. ಯಾರು ಎಷ್ಟು ಹೊತ್ತಿಗೆ ಬಸ್ಸು ಹತ್ತಿದರು ಎಂಬುದೆಲ್ಲ ಅದರಲ್ಲಿತ್ತು. ಹತ್ತುವುದಕ್ಕೆ ಮುಂಚಿನದು ಒಂದೂ ಇರಲಿಲ್ಲ.