ಶುಕ್ರವಾರದ ಫೂಮೆ

ಫೂಮೆ ಅರ್ಧ ಕಿಲೋ ಮೀನು ತೂಗುತ್ತಿರಲಿಲ್ಲ. ಕೇಳಿದವರು ಇದ್ದರು, ಎರಡನೇ ಸಲ ಕೇಳಿದವರು ಇರಲಿಲ್ಲ. ಅರ್ಧ ಕಿಲೋ ಬೆಕ್ಕಿಗೆ ಹಾಕುವ ಲೆಕ್ಕ, ನಿಮ್ಮ ಮನೆಯಲ್ಲಿ ಬೆಕ್ಕು ಮಾತ್ರ ಇರುವುದೋ ಎಂದು ಅವಳು ವ್ಯಾನಿನ ಹಿಂಬದಿಯಲ್ಲಿ ನಿಂತು ವಿಚಾರಿಸಿದರೆ ಗೊರಿಂಚಿ ಊರಿಗೆ ಊರೇ ಕೇಳಿಸಿಕೊಳ್ಳುತ್ತಿತ್ತು. ಊರೂ ಅಷ್ಟೇನು ದೊಡ್ಡದಲ್ಲ. ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಆರು ಮನೆ, ನಡುವೆ ಒಂದು ಬಾವಿ, ಬಾವಿಯ ಪಕ್ಕ ಒಂದು ಹಿಪ್ಪುನೇರಳೆ ಮರ. ಕೆಳಗೆ ಕೆಂಪು ಮಣ್ಣಿನ ದ್ರಾಕ್ಷಿ ತೋಟಗಳು.

ಅವಳು ಹುಟ್ಟಿದ್ದು, ಮದುವೆಯಾದದ್ದು, ವಿಧವೆಯಾದದ್ದು ಎಲ್ಲ ಅಲ್ಲಿಗೆ ಮೂವತ್ತೆರಡು ಕಿಲೋಮೀಟರ್ ದೂರದ, ಕಡಲ ದಂಡೆಯ ರೋವಿನ್ನಿನಲ್ಲಿ, ಅದೂ ಸಂತ ಯೂಫೆಮಿಯಾಳ ಇಗರ್ಜಿಯ ಕೆಳಗಿನ ಒಂದೇ ಓಣಿಯಲ್ಲಿ. ಅಪ್ಪ ಬಲೆ ಹಾಕುತ್ತಿದ್ದ, ಗಂಡ ಬೋರ್ತೊಲೊನೂ ಬಲೆ ಹಾಕುತ್ತಿದ್ದ. ಮಾರುವ ಕೆಲಸ ಇವಳದು. ಮಾರುಕಟ್ಟೆಯಲ್ಲಿ ಒಂದು ಕಲ್ಲಿನ ಮೇಜೂ ಇತ್ತು. ಆದರೆ ಪಕ್ಕದ ಮೇಜಿನವಳ ಜೊತೆ ಜಗಳ, ಎದುರು ಮೇಜಿನವಳ ಜೊತೆ ಜಗಳ, ಕೊನೆಗೆ ಜಾಗ ಗುಡಿಸುವವನ ಜೊತೆಯೂ ಜಗಳವಾಗಿ, ಮೂವತ್ತನೇ ವಯಸ್ಸಿಗೆ ಒಂದು ಹಳೆಯ ವ್ಯಾನು ಕೊಂಡು, ಇವರ ಮುಖ ನೋಡುವುದಕ್ಕಿಂತ ಗುಡ್ಡದವರ ಮುಖ ನೋಡುವುದೇ ವಾಸಿ ಎಂದು ಹೊರಟುಬಿಟ್ಟಳು. ಸಿಟ್ಟಿನಲ್ಲಿ ಮಾಡಿದ ಕೆಲಸ ಮೂವತ್ತೊಂದು ವರ್ಷ ನಡೆಯಿತು.

ಮೊದಲು ವಾರಕ್ಕೆ ನಾಲ್ಕು ದಿನ ನಾಲ್ಕು ದಿಕ್ಕಿಗೆ ಹೋಗುತ್ತಿದ್ದಳು. ಕಣಿವೆಯ ಪೇಟೆಯಲ್ಲಿ ದೊಡ್ಡ ಅಂಗಡಿ ಬಂದ ಮೇಲೆ ಮಂಗಳವಾರ ಹೋಯಿತು, ಬುಧವಾರ ಹೋಯಿತು, ಶನಿವಾರವೂ ಹೋಯಿತು. ಉಳಿದದ್ದು ಶುಕ್ರವಾರ ಮತ್ತು ಗೊರಿಂಚಿ. ಆ ಒಂದು ದಿನಕ್ಕಾಗಿ ಅವಳು ಉಳಿದ ಆರು ದಿನ ಬದುಕುತ್ತಿದ್ದಳು ಎಂದರೆ ಅವಳು ಒಪ್ಪುತ್ತಿರಲಿಲ್ಲ, ಆದರೆ ನಿಜ ಅದೇ. ಶುಕ್ರವಾರ ಐದು ಗಂಟೆಗೆಲ್ಲ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ನಿಂತು, ಬೂತಾಯಿಯ ಕಣ್ಣು ನೋಡಿ, ಕಿವಿರು ಎತ್ತಿ ನೋಡಿ, ದೋಣಿಯವರಿಗೆಲ್ಲ ಒಂದು ಸುತ್ತು ಬೈದು, ಹತ್ತು ಗಂಟೆಗೆ ಸರಿಯಾಗಿ ಬಾವಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಆರೂ ಮನೆಯವರು ಬೇಸಿನ್ನು ಹಿಡಿದುಕೊಂಡು ಬರುತ್ತಿದ್ದರು. ಅರ್ಧ ತಾಸಿನಲ್ಲಿ ಮುಗಿಯುವ ವ್ಯಾಪಾರ ಮಧ್ಯಾಹ್ನದವರೆಗೆ ಎಳೆಯುತ್ತಿತ್ತು. ಕಡಲಿನವರು ದೋಣಿಯಲ್ಲಿ ಮಲಗಿ ಕಾಲ ಕಳೆಯುವ ಸೋಮಾರಿಗಳು ಎಂದು ಇವರು, ಗುಡ್ಡದವರು ತಮ್ಮ ಕೋಳಿಯನ್ನೂ ನಂಬದೆ ಮೊಟ್ಟೆ ಎಣಿಸುವವರು ಎಂದು ಅವಳು. ಎಪ್ಪತ್ತೆಂಟರ ಉಲಿಕಾ ಮುದುಕಿ ಪ್ರತಿ ಬಂಗುಡೆಯನ್ನೂ ಮೂಸಿ ನೋಡದೆ ತೆಗೆದುಕೊಂಡವಳಲ್ಲ. ದ್ರಾಕ್ಷಿ ಬೆಳೆಯುವ ಬ್ಲಾಜ್ ಬಂದರೆ ಅವನ ಹೆಂಡತಿ ಮಾರಿಚಾ ಬೈಯುವುದಕ್ಕೆಂದೇ ಹಿಂದಿನಿಂದ ಬರುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ಪೀನಾ. ಐವತ್ತೇಳರ ಒಂಟಿ ಹೆಂಗಸು, ಒಂಬತ್ತು ಮೇಕೆ ಸಾಕಿಕೊಂಡವಳು. ಮಾತು ಕಡಿಮೆ. ಮೀನು ತೆಗೆದುಕೊಂಡು, ಮೇಕೆ ಹಾಲಿನ ಗಿಣ್ಣಿನ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ವ್ಯಾನಿನ ಮುಂದಿನ ಸೀಟಿನ ಮೇಲಿಟ್ಟು ಹೋಗಿಬಿಡುತ್ತಿದ್ದಳು.

ಆ ವರ್ಷದ ಆಗಸ್ಟಿನಲ್ಲಿ ಗುಡ್ಡದ ಮೇಲೆ ಸಿಡಿಲು ಬಿದ್ದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಎರಡು ದಿನ ಕರೆಂಟಿಲ್ಲ. ರೋವಿನ್ನಿನಲ್ಲಿದ್ದ ಫೂಮೆಗೆ ಇದು ಗೊತ್ತಾಗಲಿಲ್ಲ. ಅದೇ ಶುಕ್ರವಾರ ಮಧ್ಯಾಹ್ನ ಹಲ್ಲಿನ ವೈದ್ಯರ ಹತ್ತಿರ ಹೋಗಬೇಕಾಗಿದ್ದರಿಂದ ಹತ್ತಕ್ಕೆ ಬರುವವಳು ಎಂಟಕ್ಕೇ ಬಂದಳು.

ಬಂದು ನೋಡಿದರೆ ಊರಿನವರೆಲ್ಲ ಹಿಪ್ಪುನೇರಳೆ ಮರದ ಬುಡದಲ್ಲಿ ಸೇರಿದ್ದಾರೆ. ಬ್ಲಾಜ್ ಗುಂಡಿ ತೋಡುತ್ತಿದ್ದಾನೆ. ಅವನ ಪಕ್ಕದಲ್ಲಿ ಐದಾರು ದೊಡ್ಡ ಟಬ್ಬುಗಳು, ಟಬ್ಬಿನ ತುಂಬ ಮೀನು. ಊರಿನ ಬೆಕ್ಕುಗಳೆಲ್ಲ ತಿಂದೂ ತಿಂದೂ ಸುತ್ತ ಅಡ್ಡಡ್ಡ ಬಿದ್ದುಕೊಂಡಿವೆ, ಮೂಸಿ ನೋಡುವ ಶಕ್ತಿಯೂ ಅವಕ್ಕೆ ಉಳಿದಿಲ್ಲ.

ಫೂಮೆ ವ್ಯಾನಿನಿಂದಿಳಿದು ಟಬ್ಬಿಗೆ ಕೈ ಹಾಕಿದಳು. ಫ್ರೀಜರಿನ ಮಂಜು ಕರಗಿ ಮೆತ್ತಗಾದ ಪೊಟ್ಟಣಗಳು. ಸುತ್ತಿದ್ದ ಕಾಗದ ಕಡಲೂರಿನ ಇಟಾಲಿಯನ್ ಪತ್ರಿಕೆ. ಗುಡ್ಡದಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಅವಳೇ ಸುತ್ತಿ ಕೊಟ್ಟದ್ದು. ಒಂದರ ಮೇಲೆ ಜೂನ್ ತಾರೀಕು, ಇನ್ನೊಂದರ ಮೇಲೆ ಮಾರ್ಚ್. ಅಡಿಯಲ್ಲಿದ್ದ ಒಂದು ಹಿಂದಿನ ವರ್ಷದ ನವೆಂಬರಿನದು. ತನ್ನ ಶುಕ್ರವಾರಗಳನ್ನು ಅವಳು ಒಂದೊಂದಾಗಿ ಎತ್ತಿ ನೋಡಿದಳು. ಮಾರಿಚಾಳ ಟಬ್ಬಿನಲ್ಲಿ ಇವುಗಳ ಜೊತೆ ಪೇಟೆಯ ಅಂಗಡಿಯ ಪ್ಲಾಸ್ಟಿಕ್ ತಟ್ಟೆಗಳೂ ಇದ್ದವು, ಮುಳ್ಳು ತೆಗೆದು ಚೊಕ್ಕ ಮಾಡಿದ ಬಿಳಿ ಮೀನಿನವು.

ಬ್ಲಾಜ್ ಗುದ್ದಲಿಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ.

"ನಾನೇನು ನಿಮ್ಮ ಕಣ್ಣಿಗೆ ಭಿಕ್ಷುಕಿ ಥರ ಕಂಡೆನಾ?" ಎಂದಳು ಫೂಮೆ. ಅಂದು ಅವಳ ದನಿ ಎಷ್ಟು ತಗ್ಗಿತ್ತೆಂದರೆ ಹಿಂದೆ ನಿಂತಿದ್ದ ಪೀನಾಗೆ ಕೇಳಿಸಲೇ ಇಲ್ಲ. ಆ ತಗ್ಗಿದ ದನಿಗೇ ಎಲ್ಲರೂ ಹೆದರಿದರು. ಉಲಿಕಾ ಏನೋ ಹೇಳಹೊರಟಳು. ಅಷ್ಟರಲ್ಲಿ ವ್ಯಾನು ತಿರುಗಿಕೊಂಡು ಇಳಿಜಾರಿನಲ್ಲಿತ್ತು. ಇಳಿಯುವಾಗ ಫೂಮೆ ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡಳು, ಇನ್ನು ಈ ದಾರಿಗೆ ಕಾಲಿಟ್ಟರೆ ಕೇಳು ಎಂದು. ಹಲ್ಲಿನ ವೈದ್ಯರ ಹತ್ತಿರವೂ ಹೋಗಲಿಲ್ಲ.

ಮುಂದಿನ ಶುಕ್ರವಾರ ವ್ಯಾನು ತೊಳೆದಳು. ಅದರ ಮುಂದಿನ ಶುಕ್ರವಾರ ತೊಳೆದ ವ್ಯಾನನ್ನೇ ಮತ್ತೆ ತೊಳೆದಳು. ಮೂರನೆಯ ಶುಕ್ರವಾರ ಅಡುಗೆಮನೆಯಲ್ಲಿ ಕೂತು ರೇಡಿಯೋದಲ್ಲಿ ಹವಾಮಾನ ಓದುತ್ತಿದ್ದವನಿಗೆ ಬೈದಳು. ಬೈದರೆ ತಿರುಗಿ ಬೈಯುವವರಿಲ್ಲದ ಮೇಲೆ ಅದರಲ್ಲಿ ರುಚಿಯಿಲ್ಲ ಎಂದು ಅವಳಿಗೆ ತಿಳಿಯಿತು. ವ್ಯಾನು ಮಾರಿಬಿಡುವುದೆಂದು ನಿರ್ಧರಿಸಿ, ದಕ್ಕೆಯಲ್ಲಿ ಒಬ್ಬನಿಗೆ ಹೇಳಿಯೂ ಬಂದಳು. ಅವನು ಮುಂದಿನ ಬುಧವಾರ ನೋಡಲು ಬರುತ್ತೇನೆಂದ.

ಬುಧವಾರಕ್ಕೆ ಮೊದಲಿನ ಮಂಗಳವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಓಣಿಯಲ್ಲಿ ಗದ್ದಲ ಕೇಳಿಸಿತು. ಮೂರನೇ ಮಹಡಿಯ ಕಿಟಕಿಯ ಹಸಿರು ಬಾಗಿಲನ್ನು ಒಂದು ಬೆರಳಗಲ ತೆರೆದು ಫೂಮೆ ಇಣುಕಿದಳು. ಕೆಳಗೆ ಬ್ಲಾಜ್ ಒಂದು ಬುಟ್ಟಿ ಮೊಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದ. ಜನ ನಡೆದೂ ನಡೆದೂ ನುಣುಪಾದ ಓಣಿಯ ಕಲ್ಲುಗಳ ಮೇಲೆ ಕಾಲು ಜಾರುತ್ತದೆಂದು ಉಲಿಕಾ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಹಿಂದಿನ ಸಲ ಅವಳು ಗುಡ್ಡ ಇಳಿದು ಕಡಲಿಗೆ ಬಂದದ್ದು ಇಪ್ಪತ್ತು ವರ್ಷದ ಕೆಳಗಿರಬೇಕು.

ಪಾಪ, ಅವರಿಗೆ ಗೊತ್ತಿದ್ದದ್ದು ಅವಳ ಹೆಸರೊಂದೇ. ಮೂವತ್ತೊಂದು ವರ್ಷದಲ್ಲಿ ಅವಳ ಮನೆತನದ ಹೆಸರು ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಸಂತ ಯೂಫೆಮಿಯಾ ಕಾಯುವ ಊರಿಗೆ ಬಂದು ಫೂಮೆ ಎಲ್ಲಿ ಎಂದು ಕೇಳಿದರೆ ಯಾರು ಏನು ಹೇಳಬೇಕು? ಸಂತಳ ಹೆಸರನ್ನೇ ಮೊಟಕು ಮಾಡಿ ಕರೆಯುವುದರಿಂದ ಅಲ್ಲಿ ಮೂರು ಮನೆಗೊಬ್ಬಳು ಫೂಮೆ. ಮೊದಲ ಬಾಗಿಲಲ್ಲಿ ತೊಂಬತ್ತರ ಫೂಮೆ ಹೊರಬಂದಳು, ಎರಡನೆಯದರಲ್ಲಿ ದರ್ಜಿ ಫೂಮೆ, ಮೂರನೆಯದರಲ್ಲಿ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡ ತಾಯಿ. ಅವಳೂ ಫೂಮೆ, ಕೂಸೂ ಫೂಮೆ. ಯಾರನ್ನೂ ಒಳಗೆ ಕಳಿಸುವ ಹಾಗಿಲ್ಲ, ಎಲ್ಲರಿಗೂ ಇವರಿಗೆ ಬೇಕಾದ ಫೂಮೆ ಯಾರೆಂದು ತಿಳಿಯುವ ಕುತೂಹಲ.

"ನೋಡೋಕೆ ಹ್ಯಾಗಿದ್ದಾಳೆ, ಬಾರ್ಬಾ?" ಎಂದು ದರ್ಜಿ ಫೂಮೆ ಬ್ಲಾಜನನ್ನು ಕೇಳಿದಳು. ಕಡಲಿನವರು ಹಿರಿಯ ಗಂಡಸರನ್ನೆಲ್ಲ ಹಾಗೇ ಕರೆಯುವುದು.

ಬ್ಲಾಜ್ ಯೋಚಿಸಿದ. ಸಣಕಲೇನಲ್ಲ ಎಂದ. ಗಂಟಲು ದೊಡ್ಡದು ಎಂದ. ಮೀನು ಮಾರುವವಳೆಂದೂ ಹೇಳಿದ, ಅದರಿಂದ ಓಣಿಯ ಅರ್ಧ ಹೆಂಗಸರು ಉಳಿದೇ ಇದ್ದರು. ಆಗ ಉಲಿಕಾ ಅವನನ್ನು ಪಕ್ಕಕ್ಕೆ ಸರಿಸಿದಳು.

"ಜಗಳಗಂಟಿ ಕಣಮ್ಮ. ಬಾಯಿ ತೆಗೆದ್ರೆ ಬೈಗುಳ. ಆದ್ರೆ ತೂಕ ಮಾಡಿ ಆದ್ಮೇಲೆ ಒಂದು ಹಿಡಿ ಮೇಲೆ ಹಾಕ್ತಾಳೆ. ಯಾಕೆ ಹಾಕ್ದೆ ಅಂತ ಕೇಳಿದ್ರೆ ಅದಕ್ಕೂ ಬೈತಾಳೆ."

ಮೂವರು ಫೂಮೆಯರೂ ಒಟ್ಟಿಗೆ ತಲೆಯೆತ್ತಿ ಮೂರನೇ ಮಹಡಿಯ ಕಿಟಕಿ ನೋಡಿದರು. ಇನ್ನು ಅಡಗಿ ಪ್ರಯೋಜನವಿಲ್ಲವೆಂದು ಫೂಮೆ ಕೆಳಗಿಳಿದು ಬಂದಳು. ಕಾಲಲ್ಲಿ ಮನೆಯ ಚಪ್ಪಲಿ, ಮುಖ ಬಿಗಿ. ಮೊಟ್ಟೆ ತಾನು ಕೇಳಿರಲಿಲ್ಲ ಎಂದಳು. ಕರುಣೆಗಾಗಿ ಮೀನು ಕೊಳ್ಳುವವರ ಮೊಟ್ಟೆಯಂತೂ ಬೇಡವೇ ಬೇಡ ಎಂದಳು.

"ಕರುಣೆ ಯಾರಿಗಿತ್ತು ಮಾರಾಯ್ತಿ," ಎಂದ ಬ್ಲಾಜ್. "ಅರ್ಧ ಕಿಲೋ ಕೇಳೋಕೆ ಧೈರ್ಯ ಇರಲಿಲ್ಲ, ಅಷ್ಟೇ."

ದರ್ಜಿ ಫೂಮೆ ನಕ್ಕುಬಿಟ್ಟಳು. ಫೂಮೆಗೂ ನಗು ಬರುವುದರಲ್ಲಿತ್ತು, ಆದರೆ ಉಲಿಕಾ ನಗಲಿಲ್ಲ. ಅವಳು ಮನೆಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತು, ಪೀನಾ ಪೂಲಾ ಪಟ್ಟಣದ ಆಸ್ಪತ್ರೆಯಲ್ಲಿದ್ದಾಳೆ ಎಂದಳು. ನೆಲಮಾಳಿಗೆಗೆ ಗಿಣ್ಣು ತರಲು ಇಳಿದವಳು ಮೆಟ್ಟಿಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು, ಎದ್ದೇಳಲಾಗದೆ ಪೀಪಾಯಿಗಳ ನಡುವೆ ಬಿದ್ದಿದ್ದಳು. ಕೂಗಿದ್ದು ಆ ದಪ್ಪ ಗೋಡೆ ದಾಟಿ ಹೊರಗೆ ಬರಲಿಲ್ಲ. ಹಾಲು ಕರೆಯದೆ ಮೇಕೆಗಳು ಒಂದೇ ಸಮನೆ ಅರಚುತ್ತಿದ್ದವು, ಕೊನೆಗೆ ಮಾರಿಚಾ ಏನೆಂದು ನೋಡಲು ಹೋದಳು.

"ಹೋದ ಗುರುವಾರ ಸಂಜೆ ಬಿದ್ಲು. ಶನಿವಾರ ಮಧ್ಯಾಹ್ನ ಸಿಕ್ಕಿದ್ಲು," ಎಂದಳು ಉಲಿಕಾ. "ನಡುವೆ ಯಾವ ದಿನ ಇತ್ತು, ನೀನೇ ಹೇಳು."

ಫೂಮೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅದನ್ನು ನನ್ನ ತಲೆಗೆ ಕಟ್ಟುತ್ತೀಯಾ ಎಂದು ಕೇಳಿದಳು.

"ನಿನ್ನ ತಲೆಗಲ್ಲ. ನಮ್ಮ ತಲೆಗೇ ಕಟ್ಕೊಂಡಿದೀವಿ. ಇರೋದೇ ಆರು ಮನೆ, ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣತ್ತೆ. ಆದ್ರೂ ನೀನು ಬಂದು ಕಿರುಚಿದ್ರೇನೇ ನಾವು ಒಬ್ಬರ ಮುಖ ಒಬ್ಬರು ನೋಡ್ತಿದ್ದದ್ದು. ಇದು ನಮಗೂ ಗೊತ್ತಿರಲಿಲ್ಲ ಕಣೇ. ಮೂರು ವಾರ ಯಾರೂ ಯಾರನ್ನೂ ನೋಡಿಲ್ಲ."

ಫೂಮೆ ಮೇಲೆ ಹೋಗಿ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬಂದಳು. ಅವರಿಬ್ಬರನ್ನೂ ಮನೆಯಲ್ಲಿ ಕೂರಿಸಿ ಕಾಫಿ ಮಾಡಿಕೊಡು ಎಂದು ದರ್ಜಿ ಫೂಮೆಗೆ ಹೇಳಿ, ಒಬ್ಬಳೇ ಪೂಲಾಕ್ಕೆ ವ್ಯಾನು ಓಡಿಸಿದಳು.

ಪೀನಾ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು. ಆ ಮೂರು ವಾರದಲ್ಲಿ ಅವಳು ಅರ್ಧವಾಗಿ ಹೋಗಿದ್ದಳು. ಫೂಮೆ ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದುಕೊಂಡಿದ್ದಳು. ಆದರೆ ಎದುರು ನಿಂತಾಗ ಪೀನಾಳೇ ಮಾತಾಡಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಕತ್ತಲೆಯೆಲ್ಲ ಕಳೆದು ಬೆಳಕು ಬಂತಲ್ಲ, ಶುಕ್ರವಾರ ಅಂತ ಗೊತ್ತಾಯ್ತು. ಇನ್ನೇನು, ಹತ್ತು ಗಂಟೆಗೆ ಫೂಮೆ ಬರ್ತಾಳೆ, ನಾನು ಬಂದಿಲ್ಲ ಅಂತ ಬೈತಾಳೆ, ಯಾರಾದ್ರೂ ನೋಡೋಕೆ ಬರ್ತಾರೆ ಅನ್ಕೊಂಡೆ. ನೀನು ಬರೋದು ಬಿಟ್ಟಿದೀಯ ಅನ್ನೋದು ಮರೆತೇ ಹೋಗಿತ್ತು."

ಫೂಮೆ ಅಲ್ಲೇ, ವಾರ್ಡಿನವರೆಲ್ಲ ನೋಡುತ್ತಿದ್ದ ಹಾಗೆ ಅತ್ತಳು. ಬೋರ್ತೊಲೊ ಸತ್ತಾಗಲೂ ಅವಳು ಜನರೆದುರು ಅತ್ತವಳಲ್ಲ. ಅಳಬೇಡ, ಪಕ್ಕದ ಹಾಸಿಗೆಯವರು ನಾನು ಸತ್ತೆ ಅಂದುಕೊಳ್ಳುತ್ತಾರೆ ಎಂದು ಪೀನಾ ಅವಳ ಕೈ ಹಿಡಿದುಕೊಂಡಳು.

ಬುಧವಾರ ವ್ಯಾನು ನೋಡಲು ಬಂದವನನ್ನು ಫೂಮೆ ಬೈದು ಕಳಿಸಿದಳು.

ಶುಕ್ರವಾರ ಹತ್ತು ಗಂಟೆಗೆ ಅವಳು ಬಾವಿಯ ಹತ್ತಿರ ಬಂದು ನಿಂತಳು. ಒಂದೇ ಪೆಟ್ಟಿಗೆ ಬೂತಾಯಿ ತಂದಿದ್ದಳು. ಇನ್ನು ಮೇಲೆ ತಲೆಗೆ ನಾಲ್ಕೇ ಮೀನು, ಅದನ್ನು ಅದೇ ದಿನ ತಿನ್ನಬೇಕು, ಫ್ರೀಜರಿನಲ್ಲಿ ಒಂದು ಬಾಲ ಕಂಡರೂ ಮೂಗು ಕುಯ್ಯುತ್ತೇನೆ ಎಂದು ಸಾರಿದಳು. ಐದು ಮನೆಯವರೂ ಸೇರಿದ್ದರು. ಪೀನಾಳ ಮೇಕೆಗಳು ಈಗ ಮಾರಿಚಾಳ ಕೊಟ್ಟಿಗೆಯಲ್ಲಿದ್ದವು.

ಬ್ಲಾಜ್ ಬೇಸಿನ್ನು ಚಾಚಿ ಎಂಟು ಹಾಕು ಎಂದ. ಮಾರಿಚಾ ಎಲ್ಲಿ ಎಂದು ಫೂಮೆ ಕೇಳಿದಳು. ಅವಳಿಗೆ ಮೊಣಕಾಲು ನೋವು, ಬೆಳಿಗ್ಗೆಯಿಂದ ಒಲೆಯ ಪಕ್ಕ ಕೂತಿದ್ದಾಳೆ, ಅವಳದ್ದೂ ನಾನೇ ಒಯ್ಯುತ್ತೇನೆ ಎಂದ ಬ್ಲಾಜ್.

"ಅವಳೇ ಬರಲಿ," ಎಂದಳು ಫೂಮೆ. "ಮುಖ ನೋಡದೆ ನಾನು ಮೀನು ಕೊಡಲ್ಲ."

ಬ್ಲಾಜ್ ಬೇಸಿನ್ನನ್ನು ಬಾವಿಕಟ್ಟೆಯ ಮೇಲಿಟ್ಟು ಮನೆಗೆ ನಡೆದ. ಎಲ್ಲರೂ ಕಾದರು. ಬಿಸಿಲೇರಿತು, ಮೀನಿನ ಮೇಲಿನ ಮಂಜುಗಡ್ಡೆ ಕರಗಿ ವ್ಯಾನಿನ ಹಿಂಬದಿಯಿಂದ ತೊಟ್ಟಿಕ್ಕತೊಡಗಿತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಯಾರೂ ಗೊಣಗಲಿಲ್ಲ, ಉಲಿಕಾ ಕೂಡ. ಕೊನೆಗೆ ಮಾರಿಚಾ ಗಂಡನ ಹೆಗಲು ಹಿಡಿದುಕೊಂಡು, ಅವನಿಗೂ ಫೂಮೆಗೂ ಒಟ್ಟಿಗೆ ಶಾಪ ಹಾಕುತ್ತ, ಕುಂಟುತ್ತ ಬಂದಳು. ಫೂಮೆ ಅವಳ ಮುಖವನ್ನು ಚೆನ್ನಾಗಿ ನೋಡಿ, ನಾಲ್ಕು ಮೀನು ಆರಿಸಿ ಅವಳ ಕೈಗೇ ಕೊಟ್ಟಳು.