ದೊಡ್ಡಮ್ಮನ ಕುಂಕುಮದ ಮೇಣ

ಪಕ್ಕದ ಮನೆಯ ಹುಡುಗಿ ತನ್ನ ಮದುವೆಗೆ ಕರೆಯಲು ಬಂದಿದ್ದಳು. ತುಟಿಗೆ ಹಚ್ಚುವ ಮುಲಾಮನ್ನು ಮನೆಯಲ್ಲೇ ಕಾಯಿಸಿ ತಿಪಟೂರಿನ ಅಂಗಡಿಗಳಿಗೆ ಕೊಡುವವಳು. ಕೈಯೆಲ್ಲ ಜೇನುಮೇಣ, ಕೊಬ್ಬರಿ ಎಣ್ಣೆಯ ವಾಸನೆ. “ಆಂಟಿ, ನಂಗೆ ಅರಿಶಿನ ಹಚ್ಚೋಕೆ ನೀವು ಬರ್ಲೇಬೇಕು” ಎಂದಳು. ನಮ್ಮ ಯಜಮಾನರು ತೀರಿಹೋಗಿ ವರ್ಷ ತುಂಬಿದೆ ಅಷ್ಟೆ. “ಮಂಡಿ ನೋವು ಕಣವ್ವ, ನೋಡ್ತೀನಿ” ಎಂದು ಸುಳ್ಳು ಹೇಳಿ ಕಳಿಸಿದೆ. ಮಂಡಿಗೇನು ಧಾಡಿ, ಗಟ್ಟಿಮುಟ್ಟಾಗಿದೆ! ಅವಳು ಹೋದಳು, ವಾಸನೆ ಮಾತ್ರ ಹೋಗಲಿಲ್ಲ.

ಅದು ನನ್ನ ತವರೂರು ದಂಡಿನಶಿವರದ ದೊಡ್ಡಮ್ಮನ ವಾಸನೆ. ಸ್ಟಿಕ್ಕರ್ ಬೊಟ್ಟು ಬರುವ ಮುಂಚೆ ಹೆಂಗಸರು ಹಣೆಗೆ ಮೊದಲು ಚೂರು ಮೇಣ ಒತ್ತಿ, ಅದರ ಮೇಲೆ ಕುಂಕುಮ ಇಡುತ್ತಿದ್ದರಲ್ಲ, ನಮ್ಮ ಬೀದಿಯ ಅಷ್ಟೂ ಹಣೆಗಳಿಗೆ ಅವಳದೇ ಮೇಣ. ಬಿಸಿನೀರಲ್ಲಿಟ್ಟ ಬಟ್ಟಲಲ್ಲಿ ಜೇನುಮೇಣ ಕರಗಿಸಿ, ಗಾಣದ ಕೊಬ್ಬರಿ ಎಣ್ಣೆ ಬೆರೆಸಿ, ತೆಳುಬಟ್ಟೆಯಲ್ಲಿ ಸೋಸುವಳು. ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೊರಳಿಸುವಳು. ಪುಡಿಯಾದರೆ ಇನ್ನಷ್ಟು ಎಣ್ಣೆ, ಅಂಟಿದರೆ ಇನ್ನಷ್ಟು ಮೇಣ. “ಬ್ಯಾಸಗೇಲಿ ಮೇಣ ಮುಂದಿರ್ಬೇಕು ಕಣೇ, ಚಳೀಲಿ ಎಣ್ಣೆ” ಎನ್ನುವಳು. ನಾನೊಮ್ಮೆ ಮಾಡಹೋಗಿ ಬೋಂಡ ಕರಿಯುವಷ್ಟು ಎಣ್ಣೆ ಸುರಿದೆ. ಆಮೇಲೆ ನನ್ನನ್ನು ಆ ಒಲೆಯ ಹತ್ತಿರ ಬಿಡಲಿಲ್ಲ.

ದೊಡ್ಡಪ್ಪ ತೀರಿಕೊಂಡ ವರ್ಷವೇ ನನ್ನ ಮದುವೆ, ಅದೂ ಸುಡು ಬೇಸಿಗೆಯಲ್ಲಿ. “ಗಂಡ ಹೋದೋಳ ಕೈ, ಶುಭಕ್ಕೆ ಬ್ಯಾಡ” ಎಂದರು ಅಜ್ಜಿ. ಅವ್ವ ತಾನೇ ಮೇಣ ಕಾಯಿಸಿದಳು. ದೊಡ್ಡಮ್ಮ ಹಿತ್ತಲಲ್ಲಿ ಕಾಯಿ ತುರಿಯುತ್ತ ಕೂತಳು.

ಚಪ್ಪರದ ಸೆಕೆಗೆ ಅವ್ವನ ಮೇಣ ಕರಗಿ ಕುಂಕುಮ ನನ್ನ ಮೂಗಿಗಿಳಿಯಿತು. ಗಂಡಿನ ಕಡೆಯವರು ಕಿಸಕ್ಕನೆ ನಕ್ಕರು. ಸಿಟ್ಟು ನೆತ್ತಿಗೇರಿತು, ಹಸೆಯಿಂದ ಎದ್ದವಳೇ ಹಿತ್ತಲಿಗೆ ನಡೆದೆ.

“ದೊಡ್ಡಮ್ಮ, ಮೇಣ ಹಚ್ಚು.”

“ನಾನಾ? ಬ್ಯಾಡ ಕಣವ್ವ, ನಿಮ್ಮಜ್ಜಿ ಬೈತಾರೆ.”

“ಬೈಲಿ ಬುಡು.”

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಸೊಂಟದಿಂದ ಪುಟ್ಟ ಕರಡಿಗೆ ತೆಗೆದಳು. ಅಯ್ಯೋ, ಯಾರೂ ಕೇಳದಿದ್ದರೂ ನನ್ನ ಮದುವೆಗೆಂದು ಮೇಣ ಮಾಡಿ ಇಟ್ಟುಕೊಂಡಿದ್ದಳು! ಮೂಗು ಒರೆಸಿ, ಹಣೆಗೆ ಮೇಣ ಒತ್ತಿದಳು. ಕುಂಕುಮದ ಬಟ್ಟಲು ಹಿಡಿದು ಹಿಂದೆಯೇ ಓಡಿಬಂದ ಅವ್ವ ಅದಕ್ಕೆ ಬೆರಳು ಹಾಕಿದಳು. “ಅದನ್ನೂ ದೊಡ್ಡಮ್ಮನೇ ಇಡ್ಲಿ” ಎಂದೆ. ಅವ್ವ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಮುಖ ನೋಡಿದಳು, ಆಮೇಲೆ ಬಟ್ಟಲನ್ನು ದೊಡ್ಡಮ್ಮನ ಮುಂದೆ ಹಿಡಿದಳು.

ಆ ಕುಂಕುಮ ಮಾರನೆಯ ದಿನವೂ ಅಲುಗಲಿಲ್ಲ. ಯಜಮಾನರ ಜೊತೆ ಜಗಳ ಆಡುತ್ತ, ನಗುತ್ತ, ತಲೆ ನರೆಯುವವರೆಗೂ ಬಾಳಿದೆ. ಅವಳ ಕೈಯಿಂದ ನನಗೆ ಕೇಡಾಗಿತ್ತೆ?

ಎದ್ದು ಪಕ್ಕದ ಮನೆಗೆ ಹೋಗಿ ಹುಡುಗಿಯನ್ನು ಹೊರಗೆ ಕರೆದೆ.

“ಅರಿಶಿನಕ್ಕೆ ಬತ್ತೀನಿ ಕಣವ್ವ. ಮೊದಲು ಹಚ್ಚೋಳು ನಾನೇ, ಈಗ್ಲೇ ಹೇಳಿರ್ತೀನಿ.”