ಎಣ್ಣೆ ಗಟ್ಟಿಯಾದ ದಿನ

ಶಾಂತಪ್ಪ ಸತ್ತದ್ದು ಮಳೆಗಾಲದಲ್ಲಿ. ಜ್ವರ ಬಂತು, ಆಸ್ಪತ್ರೆಗೆ ಹಾಕಿದರು, ತಿರುಗಿ ಬರಲಿಲ್ಲ. ಅದರಲ್ಲಿ ಹೇಳುವುದು ಇನ್ನೇನೂ ಇಲ್ಲ. ಸುಂದ್ರವ್ವ ಅತ್ತಳು. ಅಳು ಮುಗಿಯುವ ಮೊದಲೇ ಕೆಲಸಕ್ಕೆ ಹೋದಳು.

ಗಂಡ ಹೆಂಡತಿ ಇಬ್ಬರೂ ಇಂಡಿ ಕಡೆಯವರು. ಬೆಳಿಗ್ಗೆ ಮುಂಬೈಯ ಜೋಗೇಶ್ವರಿಯಲ್ಲಿ ಕೂಲಿಕಾರರ ನಾಕಾದಲ್ಲಿ ನಿಲ್ಲುವುದು, ಠೇಕೇದಾರ ಕರೆದ ಬಿಲ್ಡಿಂಗಿಗೆ ಹೋಗಿ ಇಟ್ಟಿಗೆ, ಸಿಮೆಂಟು ಹೊರುವುದು. ನಾಕಾದಲ್ಲಿ ಗಂಡ ಹೆಂಡತಿಯನ್ನು ಬೇರೆ ಬೇರೆ ಕರೆಯುವುದಿಲ್ಲ. "ಜೋಡಿ ಹೈ ಕ್ಯಾ?" ಎಂದು ಕೇಳುತ್ತಾರೆ. ಇದ್ದರೆ ಇಬ್ಬರನ್ನೂ ಒಟ್ಟಿಗೆ ಟೆಂಪೋ ಹತ್ತಿಸುತ್ತಾರೆ. ಒಂಟಿ ಹೆಂಗಸು ಕೊನೆಗೆ ಉಳಿಯುತ್ತಾಳೆ. ಆ ಮಳೆಗಾಲದಿಂದ ಸುಂದ್ರವ್ವ ಕೊನೆಗೆ ಉಳಿಯುವವಳಾದಳು.

ನಾಕಾದ ಮೂಲೆಯಲ್ಲಿ ಒಂದು ಹಳೆಯ ಇರಾನಿ ಚಾದಂಗಡಿ ಇದೆ. ಕಲ್ಲು ಹಾಸಿದ ಮೇಜುಗಳು, ಕುಂತು ಕುಂತು ನುಣುಪಾದ ಕರಿ ಕುರ್ಚಿಗಳು, ಗೋಡೆಗೆ ಕಲೆ ಬಿದ್ದ ದೊಡ್ಡ ಕನ್ನಡಿ, ಗಾಜಿನ ಭರಣಿಯಲ್ಲಿ ಬಿಸ್ಕೀಟು. ದುಡ್ಡಿನ ಗಲ್ಲೆಯ ಮೇಲೆ ಮುದುಕ ಸೇಠ್ ತೂಕಡಿಸುತ್ತಿರುತ್ತಾನೆ. ಸುತ್ತಲಿನದೆಲ್ಲ ಕೆಡವಿ ಟವರ್ ಎಬ್ಬಿಸಿದರು. ಆ ಟವರಿಗೆ ಸುಂದ್ರವ್ವನೂ ಇಟ್ಟಿಗೆ ಹೊತ್ತಿದ್ದಾಳೆ. ಚಾದಂಗಡಿ ಮಾತ್ರ ಕದಲಲಿಲ್ಲ.

ಕೂಲಿಕಾರರು ಹೊರಗೆ ಟಪರಿಯಲ್ಲಿ ನಿಂತು ಚಾ ಕುಡಿಯುವವರು. ಶಾಂತಪ್ಪ ಮಾತ್ರ ವರ್ಷಕ್ಕೊಂದು ಸಲ ಹೆಂಡತಿಯನ್ನು ಒಳಗೆ ಕರೆದೊಯ್ಯುತ್ತಿದ್ದ. ಯಾವ ದಿನ ಎಂದು ಹೇಳುವುದು ಮನೆಯ ಕೊಬ್ಬರಿ ಎಣ್ಣೆಯ ಬಾಟಲಿ. ಚಳಿಗೆ ಎಣ್ಣೆ ಗಟ್ಟಿಯಾಗಿ, ಬಾಟಲಿ ಬೋರಲು ಹಿಡಿದರೂ ಒಂದು ಹನಿ ಬೀಳದ ಮೊದಲ ದಿನ ಬಂತೆಂದರೆ ನಾಕಾ ಇಲ್ಲ, ಕೂಲಿ ಇಲ್ಲ. ಕನ್ನಡಿಯ ಕೆಳಗಿನ ಮೇಜು, ಬಿಸಿ ಚಾ, ಬೆಣ್ಣೆ ಹಚ್ಚಿದ ಗಟ್ಟಿ ಸಿಪ್ಪೆಯ ಬ್ರುನ್ ಪಾವ್. ಹೊರಗೆ ಜನ ಕಿವಿ ಮುಚ್ಚಿಕೊಂಡು ಲೋಕಲ್ ಹಿಡಿಯಲು ಓಡುತ್ತಿದ್ದರೆ ಇವರಿಬ್ಬರೂ ಒಳಗೆ ಬೆಚ್ಚಗೆ ಕುಂತು ನೋಡುತ್ತಿದ್ದರು.

ಸುಂದ್ರವ್ವನಿಗೆ ಚಳಿ ಎಂದರೆ ಜೀವ. ಸಣ್ಣವಳಿದ್ದಾಗ ಚಳಿಗಾಲದ ನಸುಕಿನಲ್ಲಿ ಕಡಲೆ ಹೊಲಕ್ಕೆ ಹೋಗಿ, ಎಲೆಯ ಮೇಲಿನ ಹುಳಿ ಇಬ್ಬನಿ ಬೆರಳಿನಿಂದ ನೆಕ್ಕುತ್ತಿದ್ದಳು. ಆಮೇಲೆ ಈ ಊರು ಅವಳಿಗೆ ಕೊಟ್ಟದ್ದು ಬರೀ ಬೆವರು. ಮುಂಬೈಯ ಚಳಿ ಬಂದರೆ ನಾಲ್ಕು ದಿನ. ಆ ನಾಲ್ಕು ದಿನ ತನ್ನವು ಎಂದುಕೊಂಡಿದ್ದಳು.

ಈ ವರ್ಷ ಅದಕ್ಕೂ ಅಡ್ಡ ಬಂದಳು ಶಿವಕುಮಾರಿ. ಶಾಂತಪ್ಪನ ಅಕ್ಕ. ಅವಳ ಗಂಡ ಊರಿಗೆ ಹೋದವನು ಅಲ್ಲೇ ಬೇರೆ ಸಂಸಾರ ಕಟ್ಟಿದ್ದ. ಗುಡ್ಡದ ಮೇಲಿನ ಚಾಳಿನ ಖೋಲಿ ಅವಳ ಹೆಸರಿನದು. ಸುಂದ್ರವ್ವ ಮೊದಲಿನಿಂದಲೂ ಇರುವುದು ಅಲ್ಲೇ.

"ವರ್ಷದ ಕಾರ್ಯ ಆಗೂತನ ಹೊಟೇಲಿನ ಹೊಸ್ತಿಲಾ ತುಳಿಬ್ಯಾಡ ನೀ," ಎಂದು ದೀಪಾವಳಿಗೇ ಹೇಳಿಬಿಟ್ಟಿದ್ದಳು. "ಗಂಡ ಸತ್ತಾಕಿ ಕಾಲ್ ಮ್ಯಾಲ್ ಕಾಲ್ ಹಾಕ್ಕೊಂಡು ಪಾವ್ ತಿಂತಾಳ ಅಂತ ಚಾಳೆಲ್ಲ ಆಡ್ಕೋತೈತಿ."

"ಎಣ್ಣಿ ಗಟ್ಟಿ ಆಗ್ಲಿ, ಆಮ್ಯಾಲ ನೋಡೂಣು," ಎಂದಿದ್ದಳು ಸುಂದ್ರವ್ವ.

ಚಳಿ ಬಂತು. ನಲ್ಲಿಯ ನೀರು ಕೈ ಕಚ್ಚಿತು. ಬಿಲ್ಡಿಂಗಿನ ವಾಚ್‌ಮನ್‌ಗಳು ರಟ್ಟು ಸುಟ್ಟು ಮೈ ಕಾಯಿಸಿಕೊಂಡರು. ಆದರೆ ಬಾಟಲಿ ಬೋರಲು ಮಾಡಿದರೆ ಎಣ್ಣೆ ಗಳಗಳ ಸುರಿಯಿತು. ಮರುದಿನವೂ ಸುರಿಯಿತು. ಅದರ ಮರುದಿನವೂ. ಅವನು ಹೋದ, ಅವನ ಚಳಿಯೂ ಹೋಯಿತೇನೋ ಎಂದುಕೊಂಡಳು ಸುಂದ್ರವ್ವ.

ಒಂದು ಬೆಳಿಗ್ಗೆ ಬಾಟಲಿಯ ತಳ ಮುಟ್ಟಿದಳು. ಬೆಚ್ಚಗಿತ್ತು.

"ಯಕ್ಕಾ, ಎಣ್ಣಿ ಬಾಟ್ಲಿ ಒಲಿ ಮಗ್ಗಲಕ ಯಾಕ ಬಂತು?"

"ಇಲಿ ಕೆಡವ್ತಾವ ಅಂತ ಇಟ್ಟೀನಿ," ಎಂದಳು ಶಿವಕುಮಾರಿ, ಮುಖ ತಿರುಗಿಸಿ.

"ಇಲಿಗೆ ಬ್ಯಾರೆ ಏನೂ ಸಿಗ್ಲಿಲ್ಲೇನ?"

ಅಂದು ಮಲಗುವ ಮುಂಚೆ ಸುಂದ್ರವ್ವ ಬಾಟಲಿಯನ್ನು ಅರಿವೆ ಚೂರಿನಿಂದ ಕಿಟಕಿಯ ಸರಳಿಗೆ, ಹೊರಗಡೆ ಕಟ್ಟಿದಳು. ಬೆಳಿಗ್ಗೆ ಬಿಚ್ಚಿ ತಂದು ಶಿವಕುಮಾರಿಯ ಕಣ್ಣ ಮುಂದೆಯೇ ಬೋರಲು ಹಿಡಿದಳು. ಒಳಗೆ ಬೆಳ್ಳಗೆ ಕಲ್ಲು. ಹನಿಯೂ ಬೀಳಲಿಲ್ಲ.

"ನೋಡ್ದಿ?"

"ನೋಡೂದೇನೈತಿ ಅದ್ರಾಗ? ಎಣ್ಣಿ."

"ನಾ ಹೊಂಟೆ."

"ಹೋಗವಾ, ಹೋಗು. ಸಂಜಿಕ ಈ ಬಾಗ್ಲಾ ನಿನಗ ತೆರಿಯಂಗಿಲ್ಲ, ತಿಳ್ಕೋ."

"ಖೋಲಿ ನಿನ್ನ ಹೆಸರ್ಲೆ ಐತಿ, ಬಾಗ್ಲಾ ಹಾಕ್ಕೋ. ಚಳಿ ನಿನ್ನ ಹೆಸರ್ಲೆ ಇಲ್ಲ."

ಶಾಂತಪ್ಪನ ಕಂದು ಸ್ವೆಟರನ್ನು ಸೀರೆಯ ಮೇಲೆ ತೊಟ್ಟು, ಉದ್ದ ತೋಳು ಮಡಚಿ ಗುಡ್ಡ ಇಳಿದಳು. ಮುಖಕ್ಕೆ ಗಾಳಿ ಹೊಡೆಯಿತು. ಬಾಯಿ ತೆರೆದು ಆ ಗಾಳಿ ನುಂಗಿದಳು. ಮಳೆಗಾಲದಿಂದ ಇಷ್ಟು ದೊಡ್ಡ ಉಸಿರು ತೆಗೆದುಕೊಂಡದ್ದೇ ಇಲ್ಲ ಎನ್ನಿಸಿತು.

ಚಾದಂಗಡಿಯ ಬಾಗಿಲಲ್ಲಿ ಕಾಲು ನಿಂತಿತು. ಯಾವಾಗಲೂ ಅವನು ಮುಂದೆ, ಇವಳು ಹಿಂದೆ. ಸಂಜೆಗೆ ಎಲ್ಲಿ ಮಲಗುವುದು ಎಂಬುದೂ ಗೊತ್ತಿರಲಿಲ್ಲ. ಒಳಗಿನಿಂದ ಚಾದ ವಾಸನೆ, ಬೇಯುವ ಪಾವಿನ ವಾಸನೆ ಬಂತು. ಒಳಗೆ ಹೋದಳು. ಕನ್ನಡಿಯ ಕೆಳಗೆ ಕುಂತಳು.

ವೇಟರ್ ಕಾಂತಪ್ಪ ಉಡುಪಿ ಕಡೆಯವನು, ಹಳಬ. "ಎಂತ ಬೇಕು?" ಎಂದ.

"ಜೋಡಿ ಚಾ, ಜೋಡಿ ಬ್ರುನ್ ಮಸ್ಕಾ." ಗಂಡ ಹೇಳುತ್ತಿದ್ದ ಮಾತು ತಾನಾಗಿಯೇ ಬಾಯಿಂದ ಬಂತು. ಕಾಂತಪ್ಪ ಎರಡು ಕಪ್ಪು, ಎರಡು ತಟ್ಟೆ ತಂದ. ಒಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟ.

"ಅಣ್ಣ ಎಲ್ಲಿ? ಬೀಡಿಗೆ ಹೋದದ್ದಾ?"

"ಇಲ್ಲ. ತೀರ್ಕೊಂಡಾನ."

ಕಾಂತಪ್ಪ ಎದುರಿನ ತಟ್ಟೆಗೆ ಕೈ ಹಾಕಿದ. "ಅಯ್ಯೋ ಮಾರಾಯ್ತಿ, ನಂಗೆ ಗೊತ್ತೇ ಇಲ್ಲ. ಇದನ್ನು ವಾಪಸು ಕೊಂಡೋಗ್ತೇನೆ."

"ಇರ್ಲಿ ಬಿಡು."

ಎದುರಿನ ಕಪ್ಪಿನಿಂದ ಹಬೆ ಏಳುತ್ತಿತ್ತು. ಸುಂದ್ರವ್ವ ಅದನ್ನೇ ನೋಡಿದಳು. ಅಳು ಬರುತ್ತದೆ ಎಂದು ಕಾದಳು. ಬಂದದ್ದು ಹಸಿವು. ಪಾವ್ ಎತ್ತಿಕೊಂಡಳು.

ಆಗ ಕಿಟಕಿಯ ಗಾಜಿನಾಚೆ ಶಿವಕುಮಾರಿ ಕಂಡಳು. ತೆಳು ಸೀರೆ, ಸ್ವೆಟರಿಲ್ಲ, ಎರಡೂ ಕೈ ಕಂಕುಳಲ್ಲಿ. ನಡುಗುತ್ತಿದ್ದಳು. ಸುಂದ್ರವ್ವ ಕೈ ಮಾಡಿ ಕರೆದಳು. ಶಿವಕುಮಾರಿ ಬಾಗಿಲ ತನಕ ಬಂದಳು.

"ಎದ್ದ್ ಬರ್ತಿಯೋ ಇಲ್ಲೋ?"

"ಚಾ ಆರಾಕತ್ತೈತಿ. ಬೈಯೂದಿದ್ರ ಕುಂತು ಬೈ."

ಅಂಗಡಿಯೆಲ್ಲ ತಿರುಗಿ ನೋಡಿತು. ಶಿವಕುಮಾರಿ ನಾಚಿಕೊಂಡು ಕುರ್ಚಿಯ ತುದಿಗೆ ಕುಂತಳು. ಬೈಯಲು ಶುರುಮಾಡಿದಳು. ಜನ ಏನಂದಾರು, ತಮ್ಮನ ಮಾನ ಏನಾದೀತು. ನಡುವೆ ಮಾತು ಬೇರೆ ಕಡೆ ಹೊರಳಿತು.

"ಇಷ್ಟ್ ವರ್ಷ ಇಬ್ರೂ ನಕ್ಕೋತ ಹೊಂಟು ಬರ್ತಿದ್ರಿ. ನಾನೂ ಅದ ಖೋಲ್ಯಾಗ ಇದ್ನೆಲ್ಲೊ? ಒಂದ್ ಸಲರೆ 'ಬಾ ಅಕ್ಕಾ' ಅಂದ್ನೇನ ಅಂವ?"

ಸುಂದ್ರವ್ವ ಬಾಯಲ್ಲಿದ್ದ ತುತ್ತು ನುಂಗಿದಳು. ನಿಜವೇ. ಅವನು ಅಂದಿರಲಿಲ್ಲ. ತನಗೂ ಹೊಳೆದಿರಲಿಲ್ಲ.

"ಅಂದಿಲ್ಲ," ಎಂದಳು. "ಈಗ ನಾ ಅಂತೀನಿ. ಬಾ ಅಕ್ಕಾ. ತಿನ್ನು."

ಶಿವಕುಮಾರಿ ಬಹಳ ಹೊತ್ತು ಕಪ್ಪು ಮುಟ್ಟಲಿಲ್ಲ. ಆಮೇಲೆ ಪಾವ್ ಎತ್ತಿ ಕಚ್ಚಿದಳು. "ಏನವಾ ಇದು, ಇಟ್ಟಂಗಿ ಕೊಟ್ಟಾರೇನ?"

"ಚಾದಾಗ ಅದ್ದಿ ತಿನ್ನು."

ಅದ್ದಿದಳು. ಬೆಣ್ಣೆ ಕರಗಿ ಚಾದ ಮೇಲೆ ಹೊಳೆಯಿತು. ತಿಂದಳು. ಬೆರಳು ನೆಕ್ಕಿದಳು. ಸುಂದ್ರವ್ವನ ತಟ್ಟೆಯಲ್ಲಿ ಉಳಿದ ತುಂಡನ್ನೂ ಕೇಳದೆಯೇ ಎತ್ತಿಕೊಂಡಳು.

ಅಷ್ಟರಲ್ಲಿ ಹೊರಗೆ ಟೆಂಪೋ ನಿಂತಿತು. ಠೇಕೇದಾರ ಬಾಗಿಲಿಗೇ ಬಂದ. ಅಂದು ಸ್ಲಾಬ್ ಹಾಕುವುದಿತ್ತು. ಚಳಿಗೆ ನಾಕಾಕ್ಕೆ ಜನ ಬಂದಿರಲಿಲ್ಲ.

"ಏ ಸುಂದರಾಬಾಯಿ! ಚಲೋ ಚಲೋ. ಅಕೇಲಿ ಭೀ ಚಲೇಗಾ ಆಜ್!"

ಒಂಟಿಯಾದರೂ ನಡೆಯುತ್ತದೆ. ಈ ಮಾತಿಗಾಗಿ ಸುಂದ್ರವ್ವ ಮಳೆಗಾಲವಿಡೀ ನಾಕಾದಲ್ಲಿ ನೆನೆದಿದ್ದಳು. ಈಗ ನಿಧಾನಕ್ಕೆ ಕಪ್ಪಿನ ಚಾವನ್ನು ಬಸಿ ತಟ್ಟೆಗೆ ಸುರಿದಳು. ಊದಿದಳು. ಒಂದು ಗುಟುಕು ಸೊರ್‍ರನೆ ಎಳೆದಳು.

"ಆಜ್ ನಹೀ ಸೇಠ್. ಆಜ್ ಥಂಡಿ ಹೈ."

"ಥಂಡಿ ಹೈ ತೋ ಕ್ಯಾ?"

"ತೋ ಚಾಯ್ ಪೀನೇ ಕಾ!"

ಅಂಗಡಿ ಘೊಳ್ಳೆಂದಿತು. ಗಲ್ಲೆಯ ಮುದುಕ ಎಚ್ಚರಾಗಿ, ಏನೆಂದು ತಿಳಿಯದೆ ತಾನೂ ನಕ್ಕ. ಠೇಕೇದಾರ ಗೊಣಗುತ್ತ ಹೋದ. ಶಿವಕುಮಾರಿ ಕುರ್ಚಿಯ ತುದಿಯಿಂದ ಹಿಂದೆ ಸರಿದು, ಬೆನ್ನು ಆನಿಸಿ ಕುಂತಳು. ಹುಟ್ಟಿದಾಗಿನಿಂದ ಹೊಟೇಲಿನಲ್ಲಿ ಏನನ್ನೂ ಕೇಳಿ ತರಿಸದವಳು ಕೈ ಎತ್ತಿ ಕಾಂತಪ್ಪನನ್ನು ಕೂಗಿದಳು.

"ಏ ಯಣ್ಣಾ, ಇನ್ನೊಂದ್ ಜೋಡಿ ತಾರೋ. ಬೆಣ್ಣಿ ಜಾಸ್ತಿ ಹಚ್ಚು."

ಸಂಜೆ ಇಬ್ಬರೂ ಒಟ್ಟಿಗೇ ಗುಡ್ಡ ಹತ್ತಿದರು. ಬಾಗಿಲು ತೆರೆದವಳು ಶಿವಕುಮಾರಿ. ಎಣ್ಣೆಯ ಬಾಟಲಿಯನ್ನು ಎತ್ತಿ ಕಿಟಕಿಯ ಹೊರಗೆ ಕಟ್ಟಿದವಳೂ ಅವಳೇ.